ಆರಿದ ತುತ್ತು

“ಊಹಿಸು ನೋಡೋಣ. ಮೂಳೆ ಮುರಿದಿಲ್ಲ. ಸ್ನಾಯು ಹರಿದಿಲ್ಲ. ಚರ್ಮದ ಮೇಲೆ ಒಂದು ಗೀರೂ ಇಲ್ಲ. ಆದರೂ ಕೈ ಬಾಯಿಗೆ ಎಟಕುವುದಿಲ್ಲ. ಏನಾಗಿರಬಹುದು?”

ಮೂಳೆ ಕಟ್ಟುವ ಗುರುಗಳು ಶಿಷ್ಯ ಓಬಳೇಶನನ್ನು ಹೀಗೆ ಕೇಳಿದರು. ಅವನು ಕೇಳಿದ ಪ್ರಶ್ನೆಗೆ ಇದು ಅವರ ಉತ್ತರ. ಅವನ ತಂಗಿ ಕೆಂಚಮ್ಮ ಏಣಿಯಿಂದ ಬಿದ್ದು ಮೊಣಕೈಯ ಕೀಲು ತಪ್ಪಿತ್ತು. ಕೀಲನ್ನು ಕೂರಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದವನು ಅವನೇ. ಅಂದಿಗೆ ಇಪ್ಪತ್ತೊಂದು ದಿನ. ಕಟ್ಟು ಬಿಚ್ಚಬೇಕು. ಬಿಚ್ಚಿದ ಕೈಯಿಂದಲೇ ಒಂದು ತುತ್ತು ಬಿಸಿ ಬೆಲ್ಲದನ್ನ ತಿನ್ನಬೇಕು. ಅದು ಗುರುಗಳ ಮನೆಯ ಪದ್ಧತಿ. ತಟ್ಟೆ ಸಿದ್ಧವಾಗಿತ್ತು.

ಜಗಲಿಯಿಂದ ಕೆಂಚಮ್ಮ ಕೂಗಿದಳು: “ಅಣ್ಣಾ, ಇವತ್ತು ಮುಟ್ಟಿ ನೋಡು, ಅವ್ವನಿಗೆ ಹೇಳ್ತೀನಿ! ಊರವರಿಗೆಲ್ಲ ವೈದ್ಯ, ನನಗೆ ಮಾತ್ರ ಕಟುಕ!”

“ಗುರುಗಳೇ, ಅವಳಿಗೆ ನೋವು. ಇನ್ನೊಂದು ವಾರ ಬಿಟ್ಟು ಬಿಚ್ಚಿದರೆ ತಪ್ಪೇನು?” ಎಂದು ಕೇಳಿದ್ದ ಓಬಳೇಶ, ಗುರುಗಳು ಒಗಟು ಹಾಕುವ ಮೊದಲು.

ಒಗಟಿಗೆ ಅವನು “ನೀವೇ ಹೇಳಿ” ಎಂದ. ಗುರುಗಳಿಗೆ ಅದೇ ಬೇಕಿತ್ತು. ಕತೆ ಹೇಳುವುದೆಂದರೆ ಅವರಿಗೆ ಹಬ್ಬ. ಹೊದ್ದಿದ್ದ ಶಲ್ಯ ಸರಿಮಾಡಿಕೊಂಡು ನಗುತ್ತ ಶುರುಮಾಡಿದರು.

“ಒಬ್ಬ ವೈದ್ಯ. ನಮ್ಮಂತೆಯೇ ಮೂಳೆ ಕಟ್ಟುವವನು. ಅವನ ಹತ್ತಿರ ಗಾಡಿಯವರು, ಗಾರೆಯವರು, ಪೈಲ್ವಾನರು ಎಲ್ಲ ಬರುತ್ತಿದ್ದರು. ಹೇಳಿದ ದಿನ ಕಟ್ಟು ಬಿಚ್ಚುತ್ತಿದ್ದ. ಪೈಲ್ವಾನ ಅಮ್ಮಾ ಎಂದು ಕಿರುಚಿದರೂ ಬಿಡುತ್ತಿರಲಿಲ್ಲ. ‘ಮುರಿದ ಮೂಳೆಗೆ ವಿಶ್ರಾಂತಿ ಕೊಡು, ಅದು ಕಾಯುತ್ತದೆ. ಕೂರಿಸಿದ ಕೀಲಿಗೆ ಕೆಲಸ ಕೊಡು, ಅದು ಕಾಯುವುದಿಲ್ಲ’ ಎನ್ನುತ್ತಿದ್ದ. ಗೊತ್ತಿಲ್ಲದವನಲ್ಲ, ನೋಡು.

“ಅವನಿಗೊಬ್ಬ ಮಗ. ಮದುವೆಯ ವಯಸ್ಸಿನವನು, ಅಪ್ಪನ ಹತ್ತಿರವೇ ಕೆಲಸ ಕಲಿಯುತ್ತಿದ್ದ. ಹುಣಸೆಮರದಿಂದ ಬಿದ್ದು ಮೊಣಕೈ ತಪ್ಪಿಸಿಕೊಂಡ. ಅಪ್ಪ ಕೂರಿಸಿದ, ಕಟ್ಟಿದ. ಇಪ್ಪತ್ತೊಂದನೆಯ ದಿನ ತಾಯಿ ಬೆಲ್ಲದನ್ನ ಬಡಿಸಿದಳು. ಅಪ್ಪ ಕಟ್ಟಿಗೆ ಕೈ ಹಾಕಿದ. ಮಗ ಕಣ್ಣೀರು ಹಾಕಿದ.

“‘ಅಪ್ಪಾ, ಇವತ್ತು ಬೇಡಪ್ಪ.’

“‘ಆಗಲಿ ಮಗಾ, ಇನ್ನೊಂದು ವಾರ.’

“ಊರವರ ಅಳು ಕೇಳಿ ಪಳಗಿದ ಕಿವಿ, ಮಗನ ಅಳುವಿಗೆ ಸೋತಿತು. ತಟ್ಟೆ ಒಳಗೆ ಹೋಯಿತು. ಮುಂದಿನ ವಾರ ನೋವು ಇನ್ನೂ ಹೆಚ್ಚಿತ್ತು, ಮತ್ತೊಂದು ವಾರ ಎಂದರು. ಹೀಗೆ ಎರಡು ತಿಂಗಳು. ಅಷ್ಟರಲ್ಲಿ ಕೀಲನ್ನು ಸುತ್ತಿದ ಚೀಲ ಕುಗ್ಗಿ ಬಿಗಿದುಕೊಂಡಿತ್ತು. ಕೊನೆಗೆ ಕಟ್ಟು ಬಿಚ್ಚಿದಾಗ ಕೈ ಅರ್ಧ ಮಡಚಿ ನಿಂತಿತ್ತು. ಮೇಲೂ ಬಾರದು, ಕೆಳಗೂ ಹೋಗದು. ಅಪ್ಪ ಎಣ್ಣೆ ಹಚ್ಚಿದ, ಶಾಖ ಕೊಟ್ಟ, ಪಕ್ಕದಲ್ಲಿ ಕೂತು ಅತ್ತ. ಕೈ ಅಲ್ಲಿಯೇ ನಿಂತಿತು.”

ಓಬಳೇಶನಿಗೆ ಸಿಟ್ಟು ಬಂತು. “ಎಂಥ ವೈದ್ಯ ಅವನು? ಸ್ವಂತ ಮಗನ ಕೈ ಹಾಳುಮಾಡಿದ.”

“ಬೈಯಬೇಡ. ಆ ಮಗ ಒಂದು ದಿನವೂ ಬೈಯಲಿಲ್ಲ. ಅಪ್ಪ ಬದುಕಿರುವವರೆಗೂ ತುತ್ತು ಮಾಡಿ ಮಗನ ಬಾಯಿಗೆ ಇಡುತ್ತಿದ್ದ. ಮಗ ಎಡಗೈಯಲ್ಲಿ ಉಣ್ಣುವುದನ್ನು ಕಲಿತದ್ದು ಅಪ್ಪ ಹೋದ ಮೇಲೆ.”

ಓಬಳೇಶ ತಲೆಯೆತ್ತಿದ. ಗುರುಗಳು ಹುಟ್ಟಿನಿಂದ ಎಡಚರೆಂದು ಅವನು ತಿಳಿದಿದ್ದ. ಅವರು ಬಾಯಲ್ಲಿ ಹೇಳುತ್ತಿದ್ದರು, ಕಟ್ಟುತ್ತಿದ್ದವನು ಇವನು. ದೊಡ್ಡವರ ರೀತಿಯೇ ಹಾಗೆ ಎಂದುಕೊಂಡಿದ್ದ.

ಗುರುಗಳು ಸದಾ ಹೊದ್ದಿರುತ್ತಿದ್ದ ಶಲ್ಯ ಸರಿಸಿದರು. ಬಲಗೈ ಅರ್ಧ ಮಡಚಿ ಎದೆಯ ಮುಂದೆ ನಿಂತಿತ್ತು.

“ಎಳೆಯಬೇಡ, ತಿರುಚಬೇಡ. ಕಟ್ಟು ಬಿಚ್ಚಿ ಕೂತಿರು, ಎಷ್ಟಾದರೆ ಅಷ್ಟು ಅವಳೇ ಮಡಚಲಿ. ಅತ್ತರೆ ನೀನೂ ಜೊತೆಗೆ ಅಳು, ಪರವಾಗಿಲ್ಲ.”

ಓಬಳೇಶ ಕತ್ತರಿ ತೆಗೆದುಕೊಂಡು ಎದ್ದ. ತಟ್ಟೆಯಿಂದ ಇನ್ನೂ ಹಬೆ ಏಳುತ್ತಿತ್ತು.

“ಬೇಗ ಹೋಗಪ್ಪಾ, ಆ ಹುಡುಗಿಯ ತುತ್ತು ಆರೀತು, ನನ್ನದು ಆರಿದ್ದು ನಾಗರ ಪಂಚಮಿಯ ಮಾರನೆಯ ದಿನ, ಶುಕ್ರವಾರ.”