ಬಣ್ಣ ಹಿಡಿಯದ ನರ

"ಸರ್, ಬಣ್ಣ ಹಿಡಿಯದ ಕಡೆ ನರವಿಲ್ಲ ಎಂದು ಬರೆಯಬಹುದೇ?"

ಕೇಳಿದವನು ಇಂದುಧರ. ಕೇಳಿದ್ದು ತನ್ನ ಗುರು ರೇವಣಸಿದ್ಧಯ್ಯನವರನ್ನು. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಎಲ್ಲಿ ಹಿಡಿದಿಲ್ಲ?"

"ರೆಕ್ಕೆಯ ಮೊಗ್ಗಿನಲ್ಲಿ, ಸರ್."

ಇಂದುಧರ ಮೊಟ್ಟೆಯೊಳಗಿನ ಕೋಳಿಮರಿಯಲ್ಲಿ ನರ ಹೇಗೆ ಬೆಳೆಯುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದ. ಮರಿಗೆ ಇನ್ನೂ ರೆಕ್ಕೆ ಇರುವುದಿಲ್ಲ, ಮೊಗ್ಗಿನಂಥದೊಂದು ಇರುತ್ತದೆ. ಬೆನ್ನಹುರಿಯಿಂದ ಹೊರಟ ನರ ಅದನ್ನು ಹುಡುಕಿಕೊಂಡು ಹೋಗುತ್ತದೆ. ತೊಗರಿಗೆ ಹೊಡೆಯುವ ಒಂದು ಕೀಟನಾಶಕವನ್ನು ಅವನು ಕೆಲವು ಮೊಟ್ಟೆಗಳಿಗೆ ಹಾಕಿದ್ದ, ಕೆಲವಕ್ಕೆ ಹಾಕಿರಲಿಲ್ಲ. ಭ್ರೂಣಗಳನ್ನು ತೆಗೆದು ಕೆಡದಂತೆ ಫಾರ್ಮಲಿನ್‌ನಲ್ಲಿ ಇಟ್ಟ. ಆಮೇಲೆ ತೆಳ್ಳಗೆ ಕೊಯ್ದು, ನರವನ್ನು ಮಾತ್ರ ಹಿಡಿಯುವ ಬಣ್ಣ ಹಾಕಿದ. ವಿಷ ಹಾಕದ ಭ್ರೂಣಗಳಲ್ಲಿ ನರ ಕಂದು ಗೆರೆಯಾಗಿ ಮೂಡಿತು. ವಿಷ ಹಾಕಿದವುಗಳಲ್ಲಿ ಏನೂ ಮೂಡಲಿಲ್ಲ.

ಗುರುಗಳು ಹೂಂ ಎಂದರೆ ಪ್ರಬಂಧ ಮುಗಿಯುತ್ತಿತ್ತು. ಉಹೂಂ ಎಂದರೆ ಮತ್ತೆ ಮೊಟ್ಟೆ, ಮತ್ತೆ ಮೊದಲಿನಿಂದ. ಅವನ ಮದುವೆಯ ಮಾತು ಈ ಪ್ರಬಂಧಕ್ಕಾಗಿಯೇ ಕಾದು ನಿಂತಿತ್ತು. ಆದರೂ ಅವನು ಅಳುಕುತ್ತ ಕೇಳಿರಲಿಲ್ಲ. ಉತ್ತರ ತನಗೆ ಗೊತ್ತಿದೆ ಎಂದುಕೊಂಡೇ ಕೇಳಿದ್ದ.

"ಬಣ್ಣ ಕೆಟ್ಟಿದ್ದರೆ?" ಎಂದರು ಗುರುಗಳು.

"ಒಂದೇ ಬಾಟಲಿಯ ಬಣ್ಣ ಸರ್. ಎರಡಕ್ಕೂ ಒಟ್ಟಿಗೇ ಹಾಕಿದ್ದು. ಕೆಟ್ಟಿದ್ದರೆ ಎರಡಕ್ಕೂ ಹಿಡಿಯಬಾರದಿತ್ತು."

ರೇವಣಸಿದ್ಧಯ್ಯನವರು ತಲೆ ಎತ್ತಿದರು.

"ತರ್ಕ ಗಟ್ಟಿಯಾಗಿದೆ. ಕೂತುಕೋ."

ಅವರು ಹೊಗಳುವುದು ಅಪರೂಪ. ಇಂದುಧರ ಸ್ಟೂಲು ಎಳೆದುಕೊಂಡು ಕುಳಿತ.

"ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಕತೆ ಇದು.

ಒಬ್ಬ ವಿದ್ವಾಂಸನಿದ್ದ. ಅವನದೂ ಮೊಟ್ಟೆ ಒಡೆಯುವ ಕಸುಬೇ. ಕೈ ಬಹಳ ಸೂಕ್ಷ್ಮ. ಅವನ ಬಳಿಗೆ ಒಬ್ಬ ವೈದ್ಯ ಬಂದ.

"ಹೊಸದೊಂದು ಜ್ವರದ ಔಷಧಿ ಬಂದಿದೆ," ಎಂದ ವೈದ್ಯ. "ಗುಣ ಕೊಡುತ್ತದೆ. ಗರ್ಭಿಣಿಯರಿಗೆ ಕೊಟ್ಟರೆ ಹೊಟ್ಟೆಯೊಳಗಿನ ಕೂಸಿಗೆ ಏನಾದೀತು ಎಂಬುದು ನನಗೆ ಗೊತ್ತಿಲ್ಲ. ನೋಡಿ ಹೇಳಿ. ಮಳೆ ಹಿಡಿದರೆ ನಮ್ಮ ಕಡೆ ಜ್ವರ ಬಿಡುವುದಿಲ್ಲ. ಅಷ್ಟರೊಳಗೆ ಹೇಳಿ."

ವಿದ್ವಾಂಸ ಒಪ್ಪಿದ. ಕೆಲವು ಮೊಟ್ಟೆಗಳಿಗೆ ಔಷಧಿ ಹಾಕಿದ, ಕೆಲವನ್ನು ಹಾಗೇ ಬಿಟ್ಟ. ಔಷಧಿ ಇದ್ದದ್ದು ಸ್ವಲ್ಪ. ಹಾಗಾಗಿ ಔಷಧಿ ಕಂಡ ಭ್ರೂಣಗಳು ಕೈಬೆರಳಲ್ಲಿ ಎಣಿಸುವಷ್ಟು. ಸಾದಾ ಭ್ರೂಣಗಳು ಬೇಕಾದಷ್ಟು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದ.

ಸಾದಾ ಭ್ರೂಣಗಳನ್ನು ಹೊತ್ತಿಗೆ ಸರಿಯಾಗಿ ಹೊರತೆಗೆದ. ಮೇಣದಲ್ಲಿ ಕೂರಿಸಿದ, ಕೊಯ್ದ. ಮೊದಲ ಕೆಲವು ಕೊಯ್ತಗಳು ಹರಿದವು. ಅವನು ಚಿಂತಿಸಲಿಲ್ಲ. ಸಾದಾ ಭ್ರೂಣ ಇನ್ನೂ ಇದ್ದವು. ಔಷಧಿಯ ಭ್ರೂಣಗಳನ್ನು ಮಾತ್ರ ಮುಟ್ಟಲಿಲ್ಲ. ಕೈ ಕುದುರಲಿ, ಆಮೇಲೆ ಎಂದುಕೊಂಡ. ಅಲ್ಲಿಯವರೆಗೆ ಅವು ಫಾರ್ಮಲಿನ್‌ನಲ್ಲೇ ಇರಲಿ ಎಂದುಕೊಂಡ. ಹಳೆಯ ಫಾರ್ಮಲಿನ್ ಚೆಲ್ಲಿ ಹೊಸದು ಹಾಕಿದ. ಮುಚ್ಚಳ ಬಿಗಿಮಾಡಿದ. ಬೇರೆಯವರ ಕೈಗೆ ಸಿಗದಂತೆ ತನ್ನ ಬೀರುವಿನಲ್ಲೇ ಇಟ್ಟುಕೊಂಡ.

ಕೈ ಚೆನ್ನಾಗಿ ಕುದುರಿದ ಮೇಲೆ ಅವನ್ನೂ ಕೊಯ್ದ. ಒಂದೂ ಹರಿಯಲಿಲ್ಲ. ಎಲ್ಲಕ್ಕೂ ಒಟ್ಟಿಗೇ ಬಣ್ಣ ಹಾಕಿದ. ಸಾದಾ ಭ್ರೂಣದ ಕಾಲಿನ ಮೊಗ್ಗಿನಲ್ಲಿ ನರ ಕಂಡಿತು. ಔಷಧಿಯದರಲ್ಲಿ ಕಾಣಲಿಲ್ಲ.

ವೈದ್ಯನನ್ನು ಕರೆಸಿ ಹೇಳಿದ. "ಕೊಡಬೇಡಿ. ಕಾಲಿನ ನರ ಬೆಳೆಯುವುದಿಲ್ಲ."

"ಖಚಿತವೇ?"

"ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ ಸ್ವಾಮಿ. ಕಣ್ಣಿದ್ದವರಿಗೆ ಕಾಣುತ್ತದೆ."

ಮಳೆ ಹಿಡಿಯಿತು. ಜ್ವರ ಬಂತು. ವೈದ್ಯ ಬೇರೆಯವರಿಗೆ ಔಷಧಿ ಕೊಟ್ಟ, ಗರ್ಭಿಣಿಯರಿಗೆ ಕೊಡಲಿಲ್ಲ. ತಣ್ಣೀರು ಬಟ್ಟೆ ಹಾಕಿಸಿದ, ಗಂಜಿ ಕುಡಿಸಿದ. ಅವರಲ್ಲಿ ಒಬ್ಬಳು ಉಳಿಯಲಿಲ್ಲ.

ಮಳೆ ಮುಗಿದ ಮೇಲೆ ವಿದ್ವಾಂಸನ ಬಳಿಗೆ ಒಬ್ಬ ಗೆಳತಿ ಬಂದಳು. ಅವನ ಜೊತೆಯಲ್ಲೇ ಓದಿದವಳು, ಅದೇ ಕೆಲಸದವಳು. ಅವನು ಉಬ್ಬಿಕೊಂಡು ಕೊಯ್ತಗಳನ್ನು ಕೂರಿಸಿದ ಗಾಜುಗಳನ್ನು ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು. ಕೊಯ್ತ ಚೆನ್ನಾಗಿದೆ ಎಂದಳು. ಭ್ರೂಣಗಳನ್ನು ಹೇಗೆ ಇಟ್ಟಿದ್ದೆ ಎಂದು ಕೇಳಿದಳು. ಅವನು ಹೆಮ್ಮೆಯಿಂದಲೇ ಎಲ್ಲ ಹೇಳಿದ. ಮಿಕ್ಕಿದ್ದ ಔಷಧಿಯನ್ನು ಅವಳು ಕೇಳಿ ತೆಗೆದುಕೊಂಡು ಹೋದಳು.

ಮತ್ತೆ ಬಂದಾಗ ಅವಳ ಕೈಯಲ್ಲಿ ಎರಡು ಗಾಜುಗಳಿದ್ದವು. ಒಂದನ್ನು ಅವನ ಮುಂದೆ ಇಟ್ಟಳು.

"ಇದು ಔಷಧಿ ಹಾಕಿದ್ದು. ಹದವಾಗಿ ನೆನೆಸಿ ತೆಗೆದೆ. ನೋಡು."

ಅವನು ನೋಡಿದ. ನರ ಕಾಲಿನ ಮೊಗ್ಗಿನೊಳಗೆ ಸಲೀಸಾಗಿ ಇಳಿದಿತ್ತು.

"ನಿನ್ನ ಕೋಳಿ ಬೇರೆ ಜಾತಿಯದಿರಬೇಕು," ಎಂದ.

"ಜಾತಕ ತರಿಸಲೇನು?" ಎಂದಳು ಅವಳು. ಎರಡನೆಯ ಗಾಜನ್ನು ಮುಂದಕ್ಕೆ ತಳ್ಳಿದಳು. "ಈಗ ಇದನ್ನು ನೋಡು."

ಅದರಲ್ಲಿ ನರವಿರಲಿಲ್ಲ. ವಿದ್ವಾಂಸನಿಗೆ ಜೀವ ಬಂದಂತಾಯಿತು. "ಇದೇ! ಇದೇ ನಾನು ಹೇಳಿದ್ದು. ಇದಕ್ಕೆ ಔಷಧಿ ಚೆನ್ನಾಗಿ ಹತ್ತಿದೆ."

"ಇದಕ್ಕೆ ಔಷಧಿಯನ್ನೇ ಹಾಕಿಲ್ಲ ಮಾರಾಯ. ಸಾದಾ ಮೊಟ್ಟೆ. ನೀನು ನಿನ್ನ ಬೀರುವಿನಲ್ಲಿ ಎಷ್ಟು ಕಾಲ ಇಟ್ಟಿದ್ದೆಯೋ ಅಷ್ಟು ಕಾಲ ಫಾರ್ಮಲಿನ್‌ನಲ್ಲಿ ಇಟ್ಟೆ, ಅಷ್ಟೇ."

ಫಾರ್ಮಲಿನ್ ಮಾಂಸವನ್ನು ಕೊಳೆಯಲು ಬಿಡುವುದಿಲ್ಲ, ಬಿಗಿದು ನಿಲ್ಲಿಸುತ್ತದೆ. ಹದಕ್ಕೆ ಬಿಗಿದರೆ ಬಣ್ಣ ಒಳಹೊಕ್ಕು ನರವನ್ನು ಹಿಡಿಯುತ್ತದೆ. ಹದ ಮೀರಿದರೆ ನರ ಇದ್ದಲ್ಲೇ ಇರುತ್ತದೆ, ಬಣ್ಣದ ಹಿಡಿತಕ್ಕೆ ಸಿಗುವುದಿಲ್ಲ. ವಿದ್ವಾಂಸ ಇದನ್ನು ತಾನೇ ಎಷ್ಟೋ ಜನರಿಗೆ ಪಾಠ ಹೇಳಿದ್ದ.

ಅವನು ಗಾಜಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದ: "ಅವು ಕೆಲವೇ ಇದ್ದವು. ಹಾಳಾಗಬಾರದು ಎಂದು ಇಟ್ಟೆ."

ಗೆಳತಿ ಮತ್ತೆ ಅವನನ್ನು ಹಂಗಿಸಲಿಲ್ಲ.

ವಿದ್ವಾಂಸ ವೈದ್ಯನ ಊರಿಗೆ ಹೋದ. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ವೈದ್ಯ ಕೊನೆಯವರೆಗೂ ಕೇಳಿದ. ಆಮೇಲೆ ಎದ್ದು ಬಾಗಿಲ ಬಳಿ ನಿಂತು ಬೀದಿಯ ಕಡೆ ಕೈ ತೋರಿಸಿದ.

"ಜ್ವರದಲ್ಲಿ ತೀರಿಕೊಂಡವಳ ಗಂಡ ಆ ಮೂಲೆಯಲ್ಲಿ ಚಾಪೆ ಮಾರುತ್ತಾನೆ. ನನಗೆ ಹೇಳಿದ್ದನ್ನು ಅವನಿಗೂ ಹೇಳಿ ಬನ್ನಿ."

ವಿದ್ವಾಂಸ ಬೀದಿಗೆ ಇಳಿದ.

ಕತೆ ಅಲ್ಲಿಗೆ ನಿಂತಿತು. ರೇವಣಸಿದ್ಧಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

ಆ ವಿದ್ವಾಂಸನ ಬಗ್ಗೆ ಇಂದುಧರನಿಗೆ ಮರುಕವೂ ಆಯಿತು, ಸಿಟ್ಟೂ ಬಂತು. ಅಂಥ ತಪ್ಪು ತನ್ನಿಂದ ಆಗುವಂಥದ್ದಲ್ಲ ಎನ್ನಿಸಿತು.

"ಉಡಾಫೆಯ ಮನುಷ್ಯ, ಸರ್," ಎಂದ.

"ಅಲ್ಲ. ಬಲು ಎಚ್ಚರದ ಮನುಷ್ಯ."

"ಎಚ್ಚರವಿದ್ದರೆ ಹೀಗಾಗುತ್ತಿತ್ತೇ? ನಾನಂತೂ ಒಂದೊಂದು ಭ್ರೂಣವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದೇನೆ, ಸರ್."

ರೇವಣಸಿದ್ಧಯ್ಯನವರು ಕನ್ನಡಕ ಹಾಕಿಕೊಂಡು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು.

"ಯಾವುದನ್ನು ಹೆಚ್ಚು ಜೋಪಾನ ಮಾಡಿದೆ?"

ಇಂದುಧರ ಎದ್ದು, ಯಾವ ಭ್ರೂಣವನ್ನು ಫಾರ್ಮಲಿನ್‌ನಿಂದ ಎಂದು ತೆಗೆದೆ ಎಂದು ಬರೆದಿಟ್ಟಿದ್ದ ಪುಸ್ತಕವನ್ನು ಹುಡುಕತೊಡಗಿದ.