ಕೆಲಸವಿಲ್ಲದ ಕುದುರೆ

ಆದಿರಾಜಯ್ಯನವರು ನದಿಯ ದಡದ ಹಳೆಯ ಮಂಟಪದಲ್ಲಿ ಚದುರಂಗ ಕಲಿಸುತ್ತಿದ್ದರು. ಆದರೆ ಅಲ್ಲಿ ಯಾರೂ ಆಟ ಆಡುತ್ತಿರಲಿಲ್ಲ.

ಮಣೆಯ ಮೇಲೆ ಹತ್ತೆಂಟು ಕಾಯಿಗಳನ್ನಿಟ್ಟು, "ಬಿಳಿಯ ಕಡೆಯವನು ನಾಲ್ಕು ನಡೆಯಲ್ಲಿ ಕರಿಯ ರಾಜನನ್ನು ಕಟ್ಟಿಹಾಕಬೇಕು, ಹೇಗೆ?" ಎಂದು ಕೇಳುವುದು ಒಂದು ವಿದ್ಯೆ. ಅದನ್ನು ಬಿಡಿಸುವುದು ಇನ್ನೊಂದು. ಈ ಎರಡನ್ನು ಕಲಿಯಲು ಶಿಷ್ಯರು ಅವರಲ್ಲಿಗೆ ಬರುತ್ತಿದ್ದರು.

ಅರಮನೆಯ ಸಭೆ ವರ್ಷಕ್ಕೊಮ್ಮೆ ಎರಡು ಬಿರುದು ಕೊಡುತ್ತಿತ್ತು. ಎಲ್ಲಕ್ಕಿಂತ ಒಳ್ಳೆಯ ಸಮಸ್ಯೆ ಕಟ್ಟಿದವನು ಸಮಸ್ಯಾಶಿಲ್ಪಿ. ಅದನ್ನು ಮೊದಲು ಬಿಡಿಸಿದವನು ಸಮಸ್ಯಾಭೇದಿ. ಸಮಸ್ಯೆಗೆ ದಾರಿ ಒಂದೇ ಇರಬೇಕೆಂಬುದು ನಿಯಮ. ಕಟ್ಟಿದವನಿಗೇ ತಿಳಿಯದ ಎರಡನೆಯ ದಾರಿಯನ್ನು ಯಾರಾದರೂ ತೋರಿಸಿಕೊಟ್ಟರೆ ಸಮಸ್ಯೆ ಬಿತ್ತು. ಅದರ ಮೇಲೆ ಕೊಟ್ಟ ಬಿರುದುಗಳೂ ಬಿದ್ದವು.

ಧರಣೇಂದ್ರ ಅಲ್ಲಿಯ ಹಿರಿಯ ಶಿಷ್ಯ. ಬಂದು ಏಳು ವರ್ಷವಾಗಿತ್ತು. ಹದಿನಾಲ್ಕು ತಿಂಗಳಿಂದ ಒಂದೇ ಸಮಸ್ಯೆಯ ಮೇಲೆ ಕೂತಿದ್ದ. ಯಾರಾದರೂ ಹತ್ತಿರ ಬಂದರೆ ಮಣೆಗೆ ಬಟ್ಟೆ ಮುಚ್ಚುತ್ತಿದ್ದ. ಸಮಸ್ಯೆ ಬರೆದ ಕಾಗದವನ್ನು ಬಿದಿರಿನ ಕೊಳವೆಯಲ್ಲಿಟ್ಟು, ಅದರ ಬಾಯಿಗೆ ದಾರ ಸುತ್ತಿ, ತನಗಷ್ಟೇ ಗೊತ್ತಿರುವ ಒಂದು ಗಂಟು ಹಾಕುತ್ತಿದ್ದ.

"ಸಭೆಗೆ ಕಳಿಸುವ ಮೊದಲು ಯಾರಿಗಾದರೂ ತೋರಿಸು," ಎಂದರು ಆದಿರಾಜಯ್ಯ.

"ಕದಿಯುತ್ತಾರೆ, ಗುರುಗಳೇ."

"ನಾನೂ?"

ಧರಣೇಂದ್ರ ತಲೆ ತಗ್ಗಿಸಿದ. "ನೀವು ಕದಿಯುವುದಿಲ್ಲ. ಆದರೆ ಮಾತಿನ ನಡುವೆ ಯಾರ ಹತ್ತಿರವಾದರೂ ಆಡಿಬಿಟ್ಟರೆ?"

ಗುರುಗಳು ಎದ್ದು ನದಿಗೆ ಸ್ನಾನಕ್ಕೆ ಹೋದರು.

ಅವನ ಕೋಣೆಯಲ್ಲಿ ಇನ್ನೊಂದು ಚಾಪೆಯಿತ್ತು. ಅದು ಜಟ್ಟಪ್ಪನದು. ಜಟ್ಟಪ್ಪ ಎದುರು ದಡದ ಅಂಬಿಗ ಈರಣ್ಣನ ಮಗ. ಬಂದು ಎರಡು ವರ್ಷವಷ್ಟೇ ಆಗಿತ್ತು. ಅವನಿಗೆ ಸಮಸ್ಯೆ ಕಟ್ಟಲು ಬರುತ್ತಿರಲಿಲ್ಲ, ಬಿಡಿಸಲು ಬರುತ್ತಿತ್ತು.

ಆ ವರ್ಷ ಸಭೆ ಕೂಡಿದಾಗ ಬಂದ ಸಮಸ್ಯೆಗಳಲ್ಲಿ ಧರಣೇಂದ್ರನದನ್ನೇ ಮೇಲೆಂದು ಆರಿಸಿದರು. ಹನ್ನೊಂದು ಮಂದಿ ಅದನ್ನು ಬಿಡಿಸಲು ಕೂತರು. ಅವರಲ್ಲಿ ಜಟ್ಟಪ್ಪನೂ ಒಬ್ಬ.

ಉಳಿದ ಹತ್ತು ಮಂದಿ ಇನ್ನೂ ಕಾಯಿಗಳನ್ನು ನೋಡುತ್ತಿದ್ದರು. ಜಟ್ಟಪ್ಪ ಎದ್ದು ಹೋಗಿ ಸಭೆಯ ಪಂಡಿತರ ಕೈಗೆ ಚೀಟಿ ಕೊಟ್ಟ. ಮೊದಲ ನಡೆ, ಮೂಲೆಯ ಕುದುರೆ. ಧರಣೇಂದ್ರ ಹದಿನಾಲ್ಕು ತಿಂಗಳು ಬಚ್ಚಿಟ್ಟಿದ್ದ ನಡೆ ಅದೇ.

ಇಬ್ಬರಿಗೂ ಶಾಲು ಹೊದಿಸಿದರು. ಸಮಸ್ಯಾಶಿಲ್ಪಿ ಧರಣೇಂದ್ರ, ಸಮಸ್ಯಾಭೇದಿ ಜಟ್ಟಪ್ಪ ಎಂದು ಹೆಸರು ಕೂಗಿದರು.

ಧರಣೇಂದ್ರನಿಗೆ ತನ್ನ ಹೆಸರು ಸರಿಯಾಗಿ ಕೇಳಿಸಲೇ ಇಲ್ಲ.

ಮಂಟಪಕ್ಕೆ ಮರಳಿದವನೇ ಅವನು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ. ಗಂಟು ಎಡಕ್ಕಿತ್ತು. ತಾನು ಹಾಕುತ್ತಿದ್ದದ್ದು ಎಡಕ್ಕೋ ಬಲಕ್ಕೋ? ನಿನ್ನೆಯವರೆಗೆ ಗೊತ್ತಿತ್ತು. ಇವತ್ತು ನೆನಪಾಗಲಿಲ್ಲ.

ಜಟ್ಟಪ್ಪ ಬಂದಾಗ ಕೇಳಿದ. "ಅಷ್ಟು ಬೇಗ ಹೇಗೆ ಕಂಡೆ?"

"ಕಂಡಿತು, ಅಣ್ಣ."

"ಹೇಗೆ ಕಂಡಿತು?"

ಜಟ್ಟಪ್ಪ ನೆಲ ನೋಡಿದ. "ಅದನ್ನು ಕೇಳಬೇಡಿ."

ಅಷ್ಟೇ ಸಾಕಾಯಿತು. ಮರುದಿನ ಧರಣೇಂದ್ರನಿಗೆ ಹಳೆಯದೆಲ್ಲ ನೆನಪಾಯಿತು. ತಾನು ಸ್ನಾನಕ್ಕೆ ಹೋದಾಗ ಜಟ್ಟಪ್ಪ ಕೋಣೆಯಲ್ಲೇ ಇರುತ್ತಿದ್ದ. ಒಮ್ಮೆ ಮಣೆಯ ಮೇಲಿನ ಬಟ್ಟೆಯ ತುದಿ ಮಡಚಿಕೊಂಡಿತ್ತು. ಒಮ್ಮೆ ಜಟ್ಟಪ್ಪ ಸುಮ್ಮಸುಮ್ಮನೆ ನಕ್ಕಿದ್ದ.

ಅವನು ಗುರುಗಳ ಮುಂದೆ ಹೋಗಿ ನಿಂತ. "ಜಟ್ಟಪ್ಪ ನನ್ನ ಕಾಗದ ಕದ್ದು ನೋಡಿದ್ದಾನೆ."

"ನೋಡಿದ್ದನ್ನು ನೀನು ಕಂಡೆಯಾ?"

"ಕಾಣಬೇಕಾಗಿಲ್ಲ. ಅವನಿಗೆ ಇನ್ನೊಂದು ಸಮಸ್ಯೆ ಕೊಡುತ್ತೇನೆ, ನಿಮ್ಮೆದುರಿಗೇ. ಬಿಡಿಸಲಿ."

"ಕೊಡು," ಎಂದರು ಗುರುಗಳು.

ಧರಣೇಂದ್ರ ಮೂರು ದಿನ ಕೂತು ಹೊಸದೊಂದನ್ನು ಕಟ್ಟಿದ. ಮುಂಜಾನೆ ಜಟ್ಟಪ್ಪನನ್ನು ಮಣೆಯ ಮುಂದೆ ಕೂರಿಸಿದರು. ಮಧ್ಯಾಹ್ನವಾಯಿತು. ಜಟ್ಟಪ್ಪ ಊಟಕ್ಕೆ ಏಳಲಿಲ್ಲ. ಹೊತ್ತು ಇಳಿಯಿತು. ಕಾಯಿಗಳ ನೆರಳು ಮಣೆ ದಾಟಿ ನೆಲಕ್ಕೆ ಬಂದಾಗ ಅವನು ಕೈ ಮುಗಿದ.

"ಆಗಲಿಲ್ಲ, ಗುರುಗಳೇ."

ಧರಣೇಂದ್ರ ಗುರುಗಳ ಮುಖ ನೋಡಿದ. "ಇನ್ನೇನು ಬೇಕು?"

ಆದಿರಾಜಯ್ಯ ಜಟ್ಟಪ್ಪನನ್ನು ಕೇಳಿದರು. "ಹೇಳುವುದೇನಾದರೂ ಇದೆಯಾ?"

"ಇದೆ. ಹೇಳಲಾರೆ."

"ಇವನಿರುವ ಕೋಣೆಯಲ್ಲಿ ನಾನಿರಲಾರೆ," ಎಂದ ಧರಣೇಂದ್ರ.

ಗುರುಗಳು ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಜಟ್ಟಪ್ಪ ತನ್ನ ಚಾಪೆ ಸುತ್ತಿಕೊಂಡು, ಅವರ ಕಾಲಿಗೆ ನಮಸ್ಕರಿಸಿ, ಅಪ್ಪನ ದೋಣಿ ಹತ್ತಿದ.

ಆಮೇಲೆ ಧರಣೇಂದ್ರನೊಬ್ಬನೇ ಆ ಕೋಣೆಯಲ್ಲಿದ್ದ. ಆದರೂ ಕೊಳವೆಗೆ ದಾರ ಸುತ್ತುವುದನ್ನು ಬಿಡಲಿಲ್ಲ. ದಿನಕ್ಕೆ ಎರಡು ಸಲ ಗಂಟು ನೋಡುತ್ತಿದ್ದ. ಹೊಸ ಶಿಷ್ಯರಿಬ್ಬರು ಪಿಸುಮಾತಾಡಿದರೆ ಅದು ತನ್ನ ವಿಷಯವೇ ಎನಿಸುತ್ತಿತ್ತು.

ಹೀಗೆ ಹತ್ತು ದಿನ ಕಳೆಯಿತು.

ಒಂದು ಬೆಳಿಗ್ಗೆ ಆದಿರಾಜಯ್ಯ ಹೇಳಿದರು. "ನಿನಗೆ ಬಿರುದು ಬಂದ ಸಮಸ್ಯೆಯನ್ನು ಜೋಡಿಸು. ಈಗಲಾದರೂ ನೋಡಬಹುದಲ್ಲ?"

ಧರಣೇಂದ್ರ ಹೆಮ್ಮೆಯಿಂದಲೇ ಜೋಡಿಸಿದ. ಗುರುಗಳು ಬಹಳ ಹೊತ್ತು ನೋಡಿದರು. ಆಮೇಲೆ ಮೂಲೆಯ ಕುದುರೆಯನ್ನು ಎತ್ತಿ ತಮ್ಮ ಮಡಿಲಲ್ಲಿ ಹಾಕಿಕೊಂಡರು.

"ಈಗ ಬಿಡಿಸು."

"ಕುದುರೆ ಇಲ್ಲದೆ ಆಗುವುದಿಲ್ಲ, ಗುರುಗಳೇ. ದಾರಿ ಹೊರಡುವುದೇ ಕುದುರೆಯಿಂದ."

"ಬಿಡಿಸು," ಎಂದು ಹೇಳಿ ಅವರು ಎದ್ದುಹೋದರು.

ಧರಣೇಂದ್ರ ಬೇಸರದಿಂದ ಕೂತ. ಇದು ಗುರುಗಳು ತನ್ನನ್ನು ಹಂಗಿಸುವ ರೀತಿ ಎಂದುಕೊಂಡ. ಜಟ್ಟಪ್ಪನ ಕಡೆಗೇ ಅವರ ಮನಸ್ಸು ಎಂದುಕೊಂಡ. ಕೈ ಸುಮ್ಮನಿರದೆ ಬಿಳಿಯ ಆನೆಯನ್ನು ಎರಡು ಮನೆ ಸರಿಸಿತು.

ಕರಿಯ ರಾಜ ಎಲ್ಲಿಗೆ ಹೋಗಬಹುದು? ಒಂದೇ ಕಡೆಗೆ. ಆಗ ಮಂತ್ರಿ ಎದುರು ಬಂದರೆ? ಇನ್ನೊಂದೇ ಕಡೆಗೆ.

ನಾಲ್ಕನೆಯ ನಡೆಗೆ ರಾಜ ಸಿಕ್ಕಿಬಿದ್ದಿದ್ದ.

ಅವನು ಕಾಯಿಗಳನ್ನು ಮತ್ತೆ ಜೋಡಿಸಿದ. ಮತ್ತೆ ಆಡಿದ. ಮತ್ತೆ ಅದೇ. ಆನೆಯಿಂದ ಹೊರಟರೆ ಕುದುರೆಯೇ ಬೇಕಾಗಿರಲಿಲ್ಲ. ಹದಿನಾಲ್ಕು ತಿಂಗಳು ಕೂತ ಸಮಸ್ಯೆಗೆ ಎರಡನೆಯ ದಾರಿಯಿತ್ತು.

ಯಾರಿಗೆ ಗೊತ್ತು? ಗುರುಗಳಿಗೆ ಗೊತ್ತು. ಇನ್ನು ಯಾರಿಗೆ? "ಅದನ್ನು ಕೇಳಬೇಡಿ" ಎಂದ ದನಿ ನೆನಪಾಯಿತು.

ಅವನು ನೇರ ದೋಣಿಗೆ ನಡೆದ.

ಹುಟ್ಟು ಹಾಕುತ್ತಿದ್ದವನು ಜಟ್ಟಪ್ಪನ ತಂದೆ ಈರಣ್ಣ. ಅವನಿಗೆ ಧರಣೇಂದ್ರನ ಗುರುತಿರಲಿಲ್ಲ. ನಡುನೀರಿಗೆ ಬಂದಾಗ ಹೇಳಿದ. "ಸ್ವಾಮಿ, ನನ್ನ ಮಗ ಸಮಸ್ಯಾಭೇದಿ. ಅರಮನೆಯಲ್ಲಿ ಶಾಲು ಹೊದಿಸಿದ್ದಾರೆ. ನಮ್ಮಂಥ ಅಂಬಿಗರ ಮನೆಯಲ್ಲಿ ಇದೇ ಮೊದಲು."

"ಕೇಳಿದ್ದೇನೆ," ಎಂದ ಧರಣೇಂದ್ರ.

ಎದುರು ದಡದಲ್ಲಿ ಜಟ್ಟಪ್ಪ ಬಲೆ ಸರಿಮಾಡುತ್ತಿದ್ದ. ಧರಣೇಂದ್ರನನ್ನು ಕಂಡು ಎದ್ದು ನಿಂತ.

"ಆನೆಯ ದಾರಿ ನಿನಗೆ ಕಂಡಿತ್ತೇ?"

ಜಟ್ಟಪ್ಪ ತಂದೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಮೊದಲು ಕಂಡದ್ದೇ ಅದು."

"ಮತ್ತೆ ಕುದುರೆ?"

"ಆನೆಯ ದಾರಿಯಲ್ಲಿ ಕುದುರೆಗೆ ಕೆಲಸವೇ ಇರಲಿಲ್ಲ. ಧರಣೇಂದ್ರಣ್ಣ ಕೆಲಸವಿಲ್ಲದ ಕಾಯಿಯನ್ನು ಮಣೆಯ ಮೇಲೆ ಇಡುವವರಲ್ಲ ಎಂದುಕೊಂಡೆ. ಹಾಗಾದರೆ ನೀವು ಕಟ್ಟಿದ ದಾರಿ ಕುದುರೆಯಿಂದಲೇ ಹೊರಡಬೇಕು. ಆಮೇಲೆ ಕಷ್ಟವಾಗಲಿಲ್ಲ."

ಧರಣೇಂದ್ರ ಮರಳಿನ ಮೇಲೆ ಕೂತುಬಿಟ್ಟ.

"ನಾನು ಆಮೇಲೆ ಕೊಟ್ಟ ಸಮಸ್ಯೆ ಯಾಕೆ ಆಗಲಿಲ್ಲ?"

"ಅದರಲ್ಲೂ ಎಲ್ಲ ಕಾಯಿಗೂ ಕೆಲಸವಿದೆ ಅಂತಲೇ ನಂಬಿದೆ."

ಇರಲಿಲ್ಲ. ಜಟ್ಟಪ್ಪನ ದಾರಿ ತಪ್ಪಿಸಲೆಂದೇ ಮೂರು ಕಾಯಿಗಳನ್ನು ಧರಣೇಂದ್ರ ಸುಮ್ಮನೆ ಇಟ್ಟಿದ್ದ.

ಧರಣೇಂದ್ರ ಮತ್ತೆ ಕೇಳಿದ.

"ಆನೆಯ ದಾರಿಯನ್ನು ಸಭೆಗೆ ಯಾಕೆ ತೋರಿಸಲಿಲ್ಲ?"

"ತೋರಿಸಿದ್ದರೆ ನಿಮ್ಮ ಸಮಸ್ಯೆ ಅಲ್ಲೇ ಬೀಳುತ್ತಿತ್ತು. ತಟ್ಟೆಯಲ್ಲಿ ಅನ್ನ ಆರುವವರೆಗೆ ನೀವು ಮಣೆಯ ಮುಂದೆ ಕೂರುತ್ತಿದ್ದದ್ದನ್ನು ದಿನಾ ನೋಡಿದ್ದೆ." ಜಟ್ಟಪ್ಪ ತಡೆದು ಹೇಳಿದ. "ಪೂರ್ತಿ ನಿಮಗಾಗಿ ಅಂತ ಹೇಳಲಾರೆ. ನನಗೂ ಬಿರುದು ಬೇಕಿತ್ತು. ಅಪ್ಪ ದೋಣಿ ಹತ್ತಿದವರಿಗೆಲ್ಲ ಹೇಳುತ್ತಾನೆ, ನೀವೂ ಕೇಳಿರಬಹುದು. ಬಾಯಿ ಮುಚ್ಚಿಕೊಂಡದ್ದು ತಪ್ಪೇ."

"ನಾನು ಸಭೆಗೆ ಹೋಗಿ ಹೇಳಬೇಕು," ಎಂದ ಧರಣೇಂದ್ರ. "ಹೇಳಿದರೆ ನಿನ್ನದೂ ಹೋಗುತ್ತದೆ. ನೀನು ಬೇಡ ಎಂದರೆ ಹೋಗುವುದಿಲ್ಲ."

ಈರಣ್ಣ ಆಚೆ ದೋಣಿಯಿಂದ ನೀರು ಬಾಚಿ ಹೊರಗೆ ಚೆಲ್ಲುತ್ತಿದ್ದ. ಜಟ್ಟಪ್ಪ ಅವನನ್ನೇ ನೋಡುತ್ತಾ ನಿಂತ. ಕೊನೆಗೆ ಬಲೆ ಕೆಳಗಿಟ್ಟ.

"ಶಾಲು ತಂದುಬಿಡುತ್ತೇನೆ, ಇರಿ," ಎಂದ.

ಧರಣೇಂದ್ರನೂ ತನ್ನ ಶಾಲು ತಂದ. ಅರಮನೆಯಲ್ಲಿ ಪಂಡಿತರು ಕೂಡಿದರು. ಧರಣೇಂದ್ರ ಮಣೆ ಜೋಡಿಸಿ ಆನೆಯ ದಾರಿಯನ್ನು ತಾನೇ ಆಡಿ ತೋರಿಸಿದ. ಪಂಡಿತರಲ್ಲಿ ಹಿರಿಯರು ಗಡ್ಡ ನೀವಿಕೊಂಡರು.

"ಇದನ್ನು ಕಂಡವರು ಯಾರು?"

"ಜಟ್ಟಪ್ಪ."

"ಯಾವಾಗ?"

"ಅಂದೇ. ಇಲ್ಲಿ ಕೂತಾಗಲೇ."

"ಕಂಡೂ ಹೇಳಲಿಲ್ಲ." ಹಿರಿಯರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಒಬ್ಬ ಕಟ್ಟಿದ, ಇನ್ನೊಬ್ಬ ಅದನ್ನೇ ಎಲ್ಲರಿಗಿಂತ ಮೊದಲು ಬಿಡಿಸಿದ. ಮೊದಲೇ ಕಾಗದ ತೋರಿಸಿ ಮಾಡಿದ ಕೆಲಸ. ಈಗ ನಿಮ್ಮಿಬ್ಬರ ನಡುವೆ ಏನೋ ಮುರಿದಿದೆ, ಅದಕ್ಕೆ ಬಂದಿದ್ದೀರಿ."

"ಇಲ್ಲ. ಅವನು ನನ್ನ ಕಾಗದ ನೋಡಿಲ್ಲ."

"ಅದು ನಿನಗೆ ಹೇಗೆ ಗೊತ್ತು?"

ಧರಣೇಂದ್ರ ಬಾಯಿ ತೆರೆದ. ಕೊಳವೆ, ದಾರ, ಗಂಟು ಎಲ್ಲ ನೆನಪಿಗೆ ಬಂದವು. ಅದರಲ್ಲಿ ಯಾವುದನ್ನೂ ಹೇಳಲು ಬರಲಿಲ್ಲ.

"ಅವನು ಹೇಳಿದ," ಎಂದ.

ಸಭೆ ನಕ್ಕಿತು.

ಬಿರುದುಗಳ ಪಟ್ಟಿಯಿಂದ ಇಬ್ಬರ ಹೆಸರನ್ನೂ ಹೊಡೆದುಹಾಕಿದರು. ಐದು ವರ್ಷ ಇಬ್ಬರೂ ಸಭೆಗೆ ಬರಕೂಡದು ಎಂದು ತೀರ್ಪಾಯಿತು. ಶಾಲುಗಳನ್ನು ಮಡಚಿ ಅಲ್ಲೇ ಇಟ್ಟು ಹೊರಟರು.

ಜಟ್ಟಪ್ಪ ಮನೆಯಿಂದ ತನ್ನ ಚಾಪೆ ಸುತ್ತಿ ತಂದು, ಧರಣೇಂದ್ರನ ಜೊತೆ ಅಪ್ಪನ ದೋಣಿ ಹತ್ತಿದ. ದೋಣಿಯಲ್ಲಿ ಇನ್ನೊಬ್ಬ ದಾರಿಹೋಕನಿದ್ದ. ನಡುನೀರಿನಲ್ಲಿ ಈರಣ್ಣ ಎಂದಿನಂತೆ ಹೇಳಲು ಬಾಯಿ ತೆರೆದ. ಮಗನ ಬರಿಯ ಹೆಗಲು ನೋಡಿ ನಿಲ್ಲಿಸಿದ. ಸ್ವಲ್ಪ ದೂರ ಹುಟ್ಟು ಹಾಕಿದ ಮೇಲೆ, "ಇವನು ನನ್ನ ಮಗ," ಎಂದಷ್ಟೇ ಹೇಳಿದ.

ಮಂಟಪದ ಮೆಟ್ಟಿಲ ಮೇಲೆ ಆದಿರಾಜಯ್ಯ ಕೂತಿದ್ದರು. ಧರಣೇಂದ್ರ ನಡೆದದ್ದೆಲ್ಲ ಹೇಳಿದ.

"ನಿಜವನ್ನೇ ಹೇಳಿದೆ, ಗುರುಗಳೇ. ಒಬ್ಬರೂ ನಂಬಲಿಲ್ಲ."

"ನಿನಗೆ ಸಿಟ್ಟು ಬಂತೇ?"

"ಬಂತು."

ಗುರುಗಳು ಜಟ್ಟಪ್ಪನ ಕಡೆ ತಿರುಗಿದರು. "ನಿನಗೆ?"

"ನನಗೆ ಹತ್ತು ದಿನ ಮೊದಲೇ ಬಂದು ಹೋಗಿತ್ತು," ಎಂದ ಜಟ್ಟಪ್ಪ.

ಧರಣೇಂದ್ರ ಅವನ ಕೈಯಿಂದ ಚಾಪೆ ತೆಗೆದುಕೊಂಡು ಹೋಗಿ ಕೋಣೆಯಲ್ಲಿ ಹಾಸಿ ಬಂದ. ಕ್ಷಮಿಸು ಎನ್ನಲು ಎರಡು ಸಲ ಹೊರಟ. ಜಟ್ಟಪ್ಪ ಅದಕ್ಕಾಗಿ ಕಾಯಲೂ ಇಲ್ಲ.

ಎಂಟು ದಿನವಾದ ಮೇಲೆ ಧರಣೇಂದ್ರ ಮಣೆ ಹಿಡಿದು ಗುರುಗಳ ಬಳಿ ಬಂದ. ಜಟ್ಟಪ್ಪ ಅಲ್ಲೇ ಹೊಸ ಶಿಷ್ಯರಿಗೆ ಪಾಠ ಹೇಳುತ್ತಿದ್ದ.

"ಗುರುಗಳೇ, ಒಂದು ಕಾಲಾಳು ಇಟ್ಟರೆ ಆನೆಯ ದಾರಿ ಮುಚ್ಚುತ್ತದೆ. ಇಟ್ಟಿದ್ದೇನೆ. ಎಲ್ಲ ಕಡೆಯಿಂದಲೂ ನೋಡಿದೆ. ಆದರೂ ಮನಸ್ಸು ನಿಲ್ಲುತ್ತಿಲ್ಲ. ನನಗೆ ಕಾಣದ ಇನ್ನೊಂದು ದಾರಿ ಇದರಲ್ಲಿ ಇಲ್ಲವೆಂದು ಖಚಿತವಾಗಿ ತಿಳಿಯುವುದು ಹೇಗೆ?"

"ತಿಳಿಯುವುದಿಲ್ಲ," ಎಂದರು ಆದಿರಾಜಯ್ಯ. "ಕಾಯಿ ಜೋಡಿಸು, ಜಟ್ಟಪ್ಪ ನೋಡಲಿ."