ಅಂಬಿಗನ ಕೋಲಿನ ಗೀರು

"ಗುರುಗಳೇ, ಸಂಜೆಯ ಪಾಠಕ್ಕೆ ಊರ ಮಕ್ಕಳೂ ಬಂದು ಕೂರುತ್ತವೆ. ನಡುನಡುವೆ ಬಾಯಿ ಹಾಕುತ್ತವೆ. ಕಲಿಯಲು ಬರುತ್ತವೋ, ಪ್ರಸಾದದ ಆಸೆಗೆ ಬರುತ್ತವೋ, ನನಗಂತೂ ಅನುಮಾನ. ಎಷ್ಟು ವಯಸ್ಸಾದವರಿಗೆ ಇಲ್ಲಿ ಮಾತಾಡಲು ಬಿಡಬೇಕು?" ಎಂದು ಶಿಷ್ಯ ಕೇಳಿದ.

"ಅನುಮಾನ ದೊಡ್ಡ ರೋಗ ಕಣಯ್ಯ. ಕೂತುಕೋ, ಒಬ್ಬ ಅಂಬಿಗನ ಕತೆ ಹೇಳುತ್ತೇನೆ," ಎಂದರು ಗುರು.

ಆ ಅಂಬಿಗನ ದೋಣಿಗೆ ಹನ್ನೆರಡು ಜನರ ಮಿತಿ. ದಡದಲ್ಲಿ ಅವನು ಒಂದು ಕೋಲು ನೆಟ್ಟು ಗೀರು ಹಾಕಿದ್ದ. ಗೀರಿಗಿಂತ ಕೆಳಗಿದ್ದವರು ಮಕ್ಕಳು. ಅವರು ಎಣಿಕೆಗೆ ಇಲ್ಲ. ಹಲಗೆಯ ಮೇಲೆ ಜಾಗವೂ ಇಲ್ಲ, ದೋಣಿಯ ತಳದಲ್ಲಿ ಕೂರಬೇಕು. ಅಂಬಿಗನಿಗೋ ಇಡೀ ಲೋಕದ ಮೇಲೆ ಗುಮಾನಿ. ಪ್ರತಿ ಮಗುವನ್ನೂ ಕೋಲಿನ ಪಕ್ಕ ನಿಲ್ಲಿಸಿ, ಮಂಡಿ ಮಡಿಸಿ ಗಿಡ್ಡವಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಪುಣ್ಯಾತ್ಮ, ದೋಣಿಯ ತಳವನ್ನು ಒಂದು ದಿನವೂ ಹಾಗೆ ಬಗ್ಗಿ ನೋಡಲಿಲ್ಲ.

ಒಂದು ದಿನ ಹನ್ನೆರಡು ಜನ ತುಂಬಿದರು. ಅವರಲ್ಲಿ ಒಬ್ಬ ತಾಯಿ. ಅವಳ ಮಗಳು ಗೀರಿಗಿಂತ ಎರಡೇ ಬೆರಳು ಕೆಳಗೆ. ಅಂಬಿಗ ಮೂರು ಸಲ ಅಳೆದು, ಗೊಣಗುತ್ತಲೇ ಅವಳನ್ನು ತಳದಲ್ಲಿ ಕೂರಿಸಿದ.

ನಡುಹೊಳೆಯಲ್ಲಿ ಹುಡುಗಿ, "ಮಾಮಾ, ನನ್ನ ಲಂಗ ಒದ್ದೆಯಾಯಿತು. ಕೆಳಗಿನಿಂದ ನೀರು ಬರುತ್ತಿದೆ," ಎಂದಳು.

"ಅಬ್ಬಾ, ಎಂಥ ಕಿಲಾಡಿ! ಹಲಗೆ ಮೇಲೆ ಕೂರೋಕೆ ಈ ಆಟ. ನಿಮ್ಮವ್ವ ಹೇಳಿಕೊಟ್ಟಳೋ?" ಎಂದ ಅಂಬಿಗ.

ಎಲ್ಲರೂ ನಕ್ಕರು. ತಾಯಿಗೆ ನಾಚಿಕೆಯಾಯಿತು. ಮಗಳ ತಲೆಗೆ ಮೊಟಕಿ ಸುಮ್ಮನಿರಿಸಿದಳು.

ದಡ ಇನ್ನೇನು ಬಂತು ಎನ್ನುವಾಗ ದೋಣಿ ಮುಳುಗಿತು. ದೊಡ್ಡವರಿಗೆ ಅಲ್ಲಿ ಎದೆಮಟ್ಟದ ನೀರು. ಒಬ್ಬರನ್ನೊಬ್ಬರು ಎಳೆದುಕೊಂಡು ದಡ ಹತ್ತಿದರು. ಅಂಬಿಗ ದಡ ಹತ್ತಿದವರನ್ನು ಎಣಿಸಿದ. ಹನ್ನೆರಡು. ನಂಬಿಕೆ ಸಾಲದೆ ಮತ್ತೆ ಎಣಿಸಿದ. ಹನ್ನೆರಡೇ. "ಸದ್ಯ, ಶಿವ ಕಾಪಾಡಿದ. ಎಲ್ಲರೂ ಇದ್ದೇವೆ," ಎಂದು ಕೈ ಮುಗಿದ.

ತಾಯಿ ಮಾತ್ರ ಮಗಳ ಹೆಸರು ಕೂಗುತ್ತ ಮತ್ತೆ ನೀರಿಗಿಳಿಯುತ್ತಿದ್ದಳು.

"ಸಿಕ್ಕಳೇ?" ಎಂದ ಶಿಷ್ಯ.

"ಇಲ್ಲ ಕಣಯ್ಯ," ಎಂದರು ಗುರು. ತಮ್ಮ ಊರುಗೋಲನ್ನು ಎತ್ತಿ ಶಿಷ್ಯನ ಕೈಗೆ ಕೊಟ್ಟರು.

"ತಗೋ, ಗೀರು ಎಷ್ಟು ಎತ್ತರಕ್ಕೆ ಹಾಕಬೇಕೋ ನೀನೇ ಹಾಕು."